70ರಿಂದ 85ರ ನಡುವೆ ಅದುರುವ ಹಳೆಯ ಝೆನ್: ಮೌಂಟಿಂಗ್ ಬದಲಿಸುವ ಮುನ್ನ

ನಮಸ್ಕಾರ. ನಿಮ್ಮ 2003ರ ಮಾರುತಿ ಝೆನ್ ತುಮಕೂರು ರಸ್ತೆಯಲ್ಲಿ ಗಂಟೆಗೆ 70 ಕಿಲೋಮೀಟರ್ ದಾಟಿದೊಡನೆ ಅದುರತೊಡಗುತ್ತದೆ, 85ರ ನಂತರ ಬಹುಮಟ್ಟಿಗೆ ಸುಮ್ಮನಾಗುತ್ತದೆ, ಏರಿನಲ್ಲಿ ಜೋರಾಗುತ್ತದೆ, ಎರಡು ಸಲ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದರೂ ಗುಣ ಕಂಡಿಲ್ಲ, ಈಗ ಗ್ಯಾರೇಜಿನವರು ಎಂಜಿನ್ನನ್ನು ಹಿಡಿದಿಡುವ ರಬ್ಬರ್ ಆಸರೆಗಳಾದ ಎಂಜಿನ್ ಮೌಂಟಿಂಗ್‌ಗಳನ್ನೆಲ್ಲ ಬದಲಿಸೋಣ ಎನ್ನುತ್ತಿದ್ದಾರೆ ಎಂದು ಈ ಗುಂಪಿನಲ್ಲಿ ಬರೆದಿದ್ದೀರಿ. ಅವರ ಮಾತು ಸುಳ್ಳೆಂದು ನಾನು ಹೇಳಲಾರೆ. ಆದರೆ ಅದುರುವಿಕೆ ಯಾವುದರ ಬೆನ್ನು ಹತ್ತಿದೆ, ಚಕ್ರದ ವೇಗವನ್ನೋ, ಎಂಜಿನ್ನಿನ ಸುತ್ತನ್ನೋ, ಅಥವಾ ಎಂಜಿನ್ನಿನ ಮೇಲೆ ಬೀಳುವ ಹೊರೆಯನ್ನೋ ಎಂಬುದು ಗೊತ್ತಾಗದೆ ಒಂದು ಬೋಲ್ಟನ್ನೂ ಬಿಚ್ಚಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಿರ್ದಿಷ್ಟ ವೇಗದಲ್ಲಿ ಮಾತ್ರ ಅದುರುವುದೇಕೆಂದರೆ, ಸಸ್ಪೆನ್ಷನ್, ಸ್ಟಿಯರಿಂಗ್, ಮೌಂಟಿಂಗ್ ಮೇಲೆ ಕುಳಿತ ಎಂಜಿನ್ ಇವುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಆದ ಸಹಜ ಕಂಪನದ ಲಯವಿರುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದಾಗ ಸಣ್ಣ ತಳ್ಳುವಿಕೆಯೂ ದೊಡ್ಡ ತೂಗಾಟವಾಗುವಂತೆ, ತಿರುಗುವ ಭಾಗದ ಸಣ್ಣ ದೋಷ ಆ ಲಯಕ್ಕೆ ಹೊಂದಿದ ವೇಗದಲ್ಲಿ ಮಾತ್ರ ಹಿಗ್ಗಿ ಕಾಣಿಸುತ್ತದೆ. ಆದ್ದರಿಂದ 85ರ ಮೇಲೆ ಅದುರು ನಿಂತಿತೆಂದರೆ ದೋಷ ಹೋಯಿತೆಂದಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಉಪಯೋಗಕ್ಕೆ ಬರುತ್ತದೆ. ನಿಮ್ಮ ಕಾರಿನ 13 ಇಂಚಿನ ಚಕ್ರಕ್ಕೆ ಹಾಕಿದ ಟೈರಿನ ಸುತ್ತಳತೆ ಸುಮಾರು 1.7 ಮೀಟರ್. 80ರ ವೇಗವೆಂದರೆ ಸೆಕೆಂಡಿಗೆ ಸುಮಾರು 22 ಮೀಟರ್, ಅಂದರೆ ಚಕ್ರ ಸೆಕೆಂಡಿಗೆ 13 ಸುತ್ತು ಬರುತ್ತದೆ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಅದು ಸೆಕೆಂಡಿಗೆ 50. ಸೆಕೆಂಡಿಗೆ 13ರ ಅದುರು ಸ್ಟಿಯರಿಂಗಿನಲ್ಲಿ ಅಥವಾ ಸೀಟಿನಲ್ಲಿ ಒಂದೊಂದಾಗಿ ಬಡಿದಂತೆ ಅನುಭವಕ್ಕೆ ಬರುತ್ತದೆ, 50ರದು ಪೆಡಲಿನಲ್ಲಿ, ಗೇರ್ ಕೋಲಿನಲ್ಲಿ ಜುಮ್ಮೆನ್ನುತ್ತದೆ. ಮೊಬೈಲಿನಲ್ಲಿ ಕಂಪನ ಅಳೆಯುವ ಉಚಿತ ಆ್ಯಪ್ ಹಾಕಿ, ಮೊಬೈಲನ್ನು ಸೀಟಿನ ಹಳಿಯ ಪಕ್ಕ ನೆಲಕ್ಕೆ ಒತ್ತಿ ಹಿಡಿಯಲು ಜೊತೆಗಾರರಿಗೆ ಹೇಳಿದರೆ ಈ ಅಂಕಿ ನೇರವಾಗಿ ಸಿಗುತ್ತದೆ. ಸ್ಕ್ಯಾನರ್ ಹಾಕಿಸಿ ಎಂದು ಗುಂಪಿನಲ್ಲಿ ಒಬ್ಬರು ಸಲಹೆ ಕೊಟ್ಟಿದ್ದಾರೆ. ನಮ್ಮ ದೇಶದಲ್ಲಿ ಕಾರೇ ತನ್ನ ದೋಷಗಳನ್ನು ಗುರುತಿಸಿಡುವ ಓಬಿಡಿ ವ್ಯವಸ್ಥೆ ಕಡ್ಡಾಯವಾದದ್ದು ಬಿಎಸ್ 4 ಎಂಬ ಹೊಗೆ ನಿಯಮದ ಕಾಲದಲ್ಲಿ, ಹಾಗಾಗಿ 2003ರ ಕಾರಿನಿಂದ ಅಗ್ಗದ ಸ್ಕ್ಯಾನರಿಗೆ ಹೆಚ್ಚೇನೂ ದೊರೆಯುವುದಿಲ್ಲ.

ಪರೀಕ್ಷೆಗೆ ಮೊದಲು ನಾಲ್ಕೂ ಟೈರುಗಳನ್ನು ಒಳಬದಿಯೂ ಸೇರಿದಂತೆ ನೋಡಿ. ಎಲ್ಲಿಯಾದರೂ ಉಬ್ಬು ಕಂಡರೆ ಆ ಟೈರನ್ನು ಹಾಕಿಕೊಂಡು ಹೆದ್ದಾರಿಗೆ ಹೋಗಲೇಬೇಡಿ. ಬಳಿಕ ಭಾನುವಾರ ಬೆಳಗಿನ ಜಾವ, ಹಿಂದೆ ವಾಹನವಿಲ್ಲದ ನೇರ ರಸ್ತೆಯಲ್ಲಿ, ಅದುರು ಶುರುವಾದಾಗ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ. ಎಂಜಿನ್ ಆಫ್ ಮಾಡಬಾರದು, ಏಕೆಂದರೆ ಬ್ರೇಕಿನ ಬೂಸ್ಟರ್ ಕೆಲಸ ನಿಲ್ಲಿಸುತ್ತದೆ, ಕೀ ಪೂರ್ತಿ ತಿರುಗಿಸಿ ಹೊರತೆಗೆದರೆ ಸ್ಟಿಯರಿಂಗ್ ಕೂಡ ಲಾಕ್ ಆಗಬಹುದು. ನ್ಯೂಟ್ರಲ್‌ನಲ್ಲಿಯೂ ಅದುರು ಹಾಗೆಯೇ ಉಳಿದರೆ ಎಂಜಿನ್ ನಿರ್ದೋಷಿ. ಟೈರು, ರಿಮ್, ಹಬ್ ಕಡೆ ನೋಡಬೇಕು. ಅದುರು ತಕ್ಷಣ ನಿಂತರೆ ಅದೇ ವೇಗದಲ್ಲಿ ಐದನೆಯ ಗೇರಿನ ಬದಲು ನಾಲ್ಕನೆಯದರಲ್ಲಿ ಓಡಿಸಿ. ಎಂಜಿನ್ನಿನ ಸುತ್ತು ಹೆಚ್ಚಿದರೂ ರಸ್ತೆಯ ವೇಗ ಬದಲಾಗಿರುವುದಿಲ್ಲವಾದ್ದರಿಂದ, ಅದುರು ಈಗ ಬೇರೆ ವೇಗಕ್ಕೆ ಸರಿದಿದ್ದರೆ ದೋಷ ಎಂಜಿನ್ನಿನದು, ಅದೇ 70ರಿಂದ 85ರ ನಡುವೆಯೇ ಇದ್ದು ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಏಳುತ್ತಿದ್ದರೆ ದೋಷ ಗೇರ್ ಬಾಕ್ಸಿನಿಂದ ಚಕ್ರಕ್ಕೆ ಶಕ್ತಿ ಸಾಗಿಸುವ ಡ್ರೈವ್ ಶಾಫ್ಟಿನದು.

ನೀವು ಹೇಳಿದ ಲಕ್ಷಣಗಳಲ್ಲಿ ಏರಿನಲ್ಲಿ ಜೋರಾಗುತ್ತದೆ ಎಂಬುದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿತು. ಫ್ರಂಟ್ ವೀಲ್ ಡ್ರೈವ್ ಕಾರುಗಳಲ್ಲಿ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್ ಸವೆದರೆ ತಿರುವಿನಲ್ಲಿ ಕಟಕಟ ಶಬ್ದ ಬರುವುದನ್ನು ಎಲ್ಲ ಮೆಕ್ಯಾನಿಕ್‌ಗಳೂ ಬಲ್ಲರು, ಆದರೆ ಗೇರ್ ಬಾಕ್ಸ್ ಕಡೆಯ ಒಳ ಜಾಯಿಂಟ್ ಸವೆದರೆ ಸಾಮಾನ್ಯವಾಗಿ ಅಂಥ ಶಬ್ದ ಇರುವುದಿಲ್ಲ. ಹೊರೆ ಬಿದ್ದಾಗ ಕಾರಿನ ಮೂತಿ ಎಡಬಲಕ್ಕೆ ನಡುಗುತ್ತದೆ, ಕಾಲು ಎತ್ತಿದೊಡನೆ ಶಾಂತವಾಗುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಒಳ ಜಾಯಿಂಟಿನಲ್ಲಿ ಮೂರು ರೋಲರ್‌ಗಳಿರುವುದರಿಂದ ಶಾಫ್ಟಿನ ಒಂದು ಸುತ್ತಿಗೆ ಮೂರು ತಳ್ಳುವಿಕೆ ಬರುತ್ತದೆ, ಅಂದರೆ 80ರ ವೇಗದಲ್ಲಿ ಸೆಕೆಂಡಿಗೆ ಸುಮಾರು 40. ಮೊಬೈಲಿನಲ್ಲಿ ಈ ಅಂಕಿ ಕಂಡರೆ ಬಹುಪಾಲು ನಿಶ್ಚಯವಾದಂತೆ. ಕಾರನ್ನು ರ‍್ಯಾಂಪಿಗೆ ಏರಿಸಿ ಜಾಯಿಂಟನ್ನು ಮುಚ್ಚುವ ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲಿದೆಯೇ ನೋಡಿಸಿ, ಶಾಫ್ಟನ್ನು ಹಿಡಿದು ಮೇಲೆ ಕೆಳಗೆ ಆಡಿಸಿ ಎಡ ಬಲ ಹೋಲಿಸಿ. ಬೂಟ್ ಚೆನ್ನಾಗಿದ್ದರೂ ಒಳಗೆ ಸವೆದಿರುವುದುಂಟು.

ಮೌಂಟಿಂಗ್ ಪರೀಕ್ಷೆಗೆ ಖರ್ಚಿಲ್ಲ. ಹ್ಯಾಂಡ್ ಬ್ರೇಕ್ ಎಳೆದು, ಕಾಲಿನ ಬ್ರೇಕನ್ನೂ ಒತ್ತಿ ಹಿಡಿದು, ಒಬ್ಬರು ಮೊದಲ ಗೇರಿನಲ್ಲೂ ರಿವರ್ಸಿನಲ್ಲೂ ಕ್ಲಚ್ಚನ್ನು ಅರ್ಧ ಬಿಡಲಿ. ನೀವು ಕಾರಿನ ಎದುರು ನಿಲ್ಲದೆ ಪಕ್ಕದಿಂದ ಬಾನೆಟ್ಟಿನೊಳಗೆ ನೋಡಿ. ಎಂಜಿನ್ ಎದ್ದು ಕುಕ್ಕರಿಸಿದರೆ ಆ ಮೌಂಟಿಂಗಿನ ರಬ್ಬರ್ ಹೋಗಿದೆ. ಆದರೆ ಮೌಂಟಿಂಗ್ ಹೋದ ಕಾರು ಸಾಮಾನ್ಯವಾಗಿ ಸಿಗ್ನಲ್‌ನಲ್ಲಿ ನಿಂತಾಗಲೂ ಅದುರುತ್ತದೆ, ನೀವು ಅದನ್ನು ಹೇಳಿಲ್ಲ. ನಿಂತಲ್ಲಿಯೇ ರೇಸ್ ಮಾಡಿದಾಗ ಒಂದು ನಿರ್ದಿಷ್ಟ ಸುತ್ತಿನಲ್ಲಿ ಅದುರಿದರೆ ಸೈಲೆನ್ಸರಿನ ಹ್ಯಾಂಗರ್, ಬಾಡಿಗೆ ತಾಗುತ್ತಿರುವ ಪೈಪು, ಕ್ರ್ಯಾಂಕ್ ಪುಲ್ಲಿ, ಆಲ್ಟರ್ನೇಟರ್ ಬೇರಿಂಗ್ ಇವುಗಳನ್ನು ನೋಡಿಸಿ. ಹೊರೆ ಬಿದ್ದಾಗ ಎಂಜಿನ್ ಮಿಸ್ ಹೊಡೆಯುತ್ತಿದೆಯೆಂಬ ಅನುಮಾನವಿದ್ದರೆ ಕತ್ತಲಲ್ಲಿ ಬಾನೆಟ್ ತೆರೆದು ಎಂಜಿನ್ ಓಡಿಸಿ. ಹಳೆಯ ಪ್ಲಗ್ ವೈರಿನಿಂದ ಕಿಡಿ ಸೋರುವುದು ಬರಿಗಣ್ಣಿಗೇ ಕಾಣುತ್ತದೆ.

ಬ್ಯಾಲೆನ್ಸಿಂಗ್ ಬಗ್ಗೆಯೂ ಒಂದು ಮಾತು. ಆ ಯಂತ್ರ ತೂಕದ ವ್ಯತ್ಯಾಸವನ್ನು ಸರಿಪಡಿಸುತ್ತದೆಯೇ ಹೊರತು ಸೊಟ್ಟಗಾದ ರಿಮ್ಮನ್ನು ನೆಟ್ಟಗೆ ಮಾಡುವುದಿಲ್ಲ, ನಮ್ಮ ಊರಿನ ಗುಂಡಿಗಳಲ್ಲಿ ರಿಮ್ ಸೊಟ್ಟಗಾಗದಿದ್ದರೇ ಆಶ್ಚರ್ಯ. ಚಕ್ರವನ್ನು ಜ್ಯಾಕಿನಿಂದ ಎತ್ತಿ, ರಿಮ್ಮಿನ ಅಂಚಿಗೆ ಸ್ಕ್ರೂಡ್ರೈವರಿನ ತುದಿಯನ್ನು ಅಲುಗದಂತೆ ಹಿಡಿದು ಕೈಯಿಂದ ತಿರುಗಿಸಿ. ಅಂತರ ಎರಡು ಮಿಲಿಮೀಟರಿನಷ್ಟು ಹೆಚ್ಚು ಕಡಿಮೆಯಾದರೆ ರಿಮ್ ಬದಲಿಸಬೇಕು. ಮುಂದಿನ ಚಕ್ರಗಳನ್ನು ಹಿಂದಕ್ಕೆ ಹಾಕಿದಾಗ ಅದುರು ಸ್ಟಿಯರಿಂಗಿನಿಂದ ಸೀಟಿಗೆ ಸರಿದರೆ ದೋಷ ಆ ಚಕ್ರಗಳಲ್ಲೇ ಇದೆ. ಟೈರಿನ ಬದಿಯಲ್ಲಿ DOT ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನೂ ಓದಿ: 2316 ಎಂದಿದ್ದರೆ 2016ರ 23ನೆಯ ವಾರ ತಯಾರಾದದ್ದು, ಅಷ್ಟು ಹಳೆಯದಾದರೆ ಗ್ರಿಪ್ ಎಷ್ಟೇ ಉಳಿದಿದ್ದರೂ ಇಡಬೇಡಿ. ಕೆಲವರು ಸೂಚಿಸಿರುವ ಅಲೈನ್‌ಮೆಂಟ್ ಕಾರು ಒಂದು ಕಡೆಗೆ ಎಳೆಯುವುದಕ್ಕೆ ಮತ್ತು ಟೈರ್ ಓರೆಯಾಗಿ ಸವೆಯುವುದಕ್ಕೆ ಮದ್ದು, ಇದಕ್ಕಲ್ಲ.

ಒಳ ಜಾಯಿಂಟೇ ಎಂದು ಖಚಿತವಾದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಮೊದಲು ಜಾಯಿಂಟ್ ಮತ್ತು ಬೂಟ್ ಕಿಟ್ ಮಾತ್ರ ಕೇಳಿ, ಇಡೀ ಶಾಫ್ಟನ್ನಲ್ಲ. ಹಳೆ ಸಾಮಾನಿನ ಅಂಗಡಿಯ ಶಾಫ್ಟ್ ಅಗ್ಗಕ್ಕೆ ಸಿಗುತ್ತದೆ ನಿಜ, ಆದರೆ ಅದು ಎಷ್ಟು ಸವೆದಿದೆಯೆಂದು ಅಂಗಡಿಯವರಿಗೂ ತಿಳಿದಿರುವುದಿಲ್ಲ. ಶಾಫ್ಟ್ ಹೊರತೆಗೆದಾಗ ಗೇರ್ ಆಯಿಲ್ ಸೋರುತ್ತದೆ. ಆಯಿಲ್ ಸೀಲನ್ನು ಆಗಲೇ ಹೊಸದು ಹಾಕಿಸಿ, ಹೊಸ ಆಯಿಲ್ ತುಂಬಿಸಿಕೊಂಡೇ ಗ್ಯಾರೇಜಿನಿಂದ ಹೊರಡಿ.