ಸಂಪಾದಕರ ಉತ್ತರ: ಬೇಲಿ ಎತ್ತರಿಸುವ ಮುನ್ನ

ಮಾನ್ಯ ಓದುಗರೇ,

ಅಪರಿಚಿತರು ನಿಮ್ಮ ಹೊಲ ಮತ್ತು ಹುಲ್ಲುಗಾವಲಿನೊಳಗೆ ನುಗ್ಗಿ ಹಾದುಹೋಗುತ್ತಾರೆ, ಹೋಗುವಾಗ ಗೇಟು ಹಾಕದ್ದರಿಂದ ದನಗಳು ಹೊರಬೀಳುತ್ತಿವೆ ಎಂದು ಬರೆದು, ಮುಳ್ಳುತಂತಿಯನ್ನು ಎತ್ತರಿಸಿ ಅದಕ್ಕೆ ಮನೆಯ ವಿದ್ಯುತ್ತನ್ನೇ ಹರಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ಕೂಡದು. ಬೇಲಿಗೆಂದೇ ತಯಾರಾದ ಯಂತ್ರವು ಸುಮಾರು ಸೆಕೆಂಡಿಗೊಮ್ಮೆ ಅತ್ಯಲ್ಪ ಹೊತ್ತಿನ ಮಿಡಿತವನ್ನಷ್ಟೇ ಕಳಿಸುವುದರಿಂದ ಮುಟ್ಟಿದವರಿಗೆ ಕೈ ತೆಗೆಯಲು ಬಿಡುವು ಸಿಗುತ್ತದೆ. ಮನೆಯ ವಿದ್ಯುತ್ತು ಎಡೆಬಿಡದೆ ಹರಿದು ಸ್ನಾಯುಗಳನ್ನು ಬಿಗಿಹಿಡಿಯುತ್ತದೆ, ಕೊಲ್ಲುತ್ತದೆ. ಯಂತ್ರವಿದ್ದರೂ ಮುಳ್ಳುತಂತಿಗೆ ಅದನ್ನು ಜೋಡಿಸಬಾರದು, ಸಿಕ್ಕಿಕೊಂಡ ಕರುವಿಗೆ ಮತ್ತೆ ಮತ್ತೆ ಆಘಾತವಾಗುತ್ತದೆ.

ನುಗ್ಗಿದವನ ಗಾಯಕ್ಕೆ ಅವನೇ ಹೊಣೆ ಎಂಬ ವಾದವೂ ನಿಲ್ಲುವುದಿಲ್ಲ. ಅಮೆರಿಕದ ಅಯೋವಾದಲ್ಲಿ ಖಾಲಿ ಬಿದ್ದಿದ್ದ ತೋಟದ ಮನೆಯೊಳಗೆ, ಬಾಗಿಲು ತೆರೆದರೆ ತಾನಾಗಿ ಸಿಡಿಯುವಂತೆ ಮಾಲೀಕರು ಬಂದೂಕು ಕಟ್ಟಿದ್ದರು. ಕದಿಯಲು ಬಂದವನ ಕಾಲಿಗೆ ಗುಂಡು ತಗುಲಿತು. ಮಾಲೀಕರೇ ಅವನಿಗೆ 30,000 ಡಾಲರ್ ಕೊಡಬೇಕೆಂಬ ತೀರ್ಪನ್ನು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1971ರಲ್ಲಿ ಎತ್ತಿಹಿಡಿಯಿತು.

ನಮ್ಮ ಅಭಿಪ್ರಾಯದಲ್ಲಿ ಎತ್ತರದ ಬೇಲಿಗಿಂತ ಸ್ಪಷ್ಟವಾದ ಗಡಿ ಹೆಚ್ಚು ಕೆಲಸ ಮಾಡುತ್ತದೆ, ಏಕೆಂದರೆ ಒಳಬರುವವರೆಲ್ಲ ಕಳ್ಳರಲ್ಲ; ಎಲ್ಲಿಂದ ನಿಮ್ಮ ಜಮೀನು ಶುರುವಾಗುತ್ತದೆಂದು ತಿಳಿಯದವರೂ ಇದ್ದಾರೆ. ಟೆಕ್ಸಾಸಿನಲ್ಲಿ ಮರ ಅಥವಾ ಕಂಬದ ಮೇಲೆ, ನೆಲದಿಂದ 3ರಿಂದ 5 ಅಡಿ ಎತ್ತರದಲ್ಲಿ, ಕನಿಷ್ಠ 8 ಅಂಗುಲ ಉದ್ದದ ನೇರಳೆ ಪಟ್ಟಿ ಬಳಿದರೆ ಅದೇ ಪ್ರವೇಶ ನಿಷೇಧದ ಫಲಕಕ್ಕೆ ಸಮ. ಬೋರ್ಡನ್ನು ಕಿತ್ತೆಸೆಯಬಹುದು, ಬಣ್ಣವನ್ನು ಕೀಳಲಾಗದು. ನಿಮ್ಮಲ್ಲಿ ಅಂಥ ಕಾನೂನು ಇಲ್ಲದಿದ್ದರೆ ಬೋರ್ಡೇ ಬೇಕು. ಅದರಲ್ಲಿ ಬರಿಯ ನಿಷೇಧಕ್ಕಿಂತ, ‘ಒಳಗೆ ಕರು ಹಾಕಿದ ಹಸುಗಳಿವೆ, ಗೇಟು ತೆರೆಯಬೇಡಿ’ ಎಂದು ಕಾರಣವನ್ನೂ ಬರೆಯಿರಿ.

ಗೇಟನ್ನು ಒಮ್ಮೆ ಹತ್ತಿರದಿಂದ ನೋಡಿ. ಅದು ಕೂರುವ ಎರಡು ಕೊಂಡಿಗಳೂ ಮೇಲ್ಮುಖವಾಗಿದ್ದರೆ, ಎಷ್ಟೇ ದೊಡ್ಡ ಬೀಗ ಜಡಿದರೂ ಇಬ್ಬರು ಸೇರಿ ಗೇಟನ್ನೇ ಎತ್ತಿ ಪಕ್ಕಕ್ಕಿಡಬಹುದು; ಮೇಲಿನ ಕೊಂಡಿಯನ್ನು ಕೆಳಮುಖವಾಗಿ ತಿರುಗಿಸಿ ಕೂರಿಸಿದರೆ ಅದು ಮೇಲೇಳುವುದಿಲ್ಲ. ಹೆಚ್ಚಿನ ಖರ್ಚಿಲ್ಲದ ಈ ಕೆಲಸವನ್ನು ಏಕೋ ಬಹಳ ಮಂದಿ ಮಾಡುವುದೇ ಇಲ್ಲ.

ಹುಲ್ಲು ಸವೆದು ಕಾಲುದಾರಿ ಮೂಡಿದ್ದರೆ, ಅದನ್ನು ಮುಚ್ಚುವ ಮೊದಲು ಅಲ್ಲಿ ನಡೆಯುವ ಹಕ್ಕು ಯಾರಿಗಾದರೂ ಇದೆಯೇ ಎಂದು ದಾಖಲೆಗಳಲ್ಲಿ ನೋಡಿಸಿ. ಇದ್ದಲ್ಲಿ, ಜನ ಹತ್ತಿ ದಾಟಬಹುದಾದ, ದನ ದಾಟಲಾರದ ತಡಬೆಯೊಂದನ್ನು ಕಟ್ಟಿಸಿದರೆ ಗೇಟು ತೆರೆಯುವ ಪ್ರಸಂಗವೇ ಬಾರದು. ಇಷ್ಟಾಗಿಯೂ ನುಗ್ಗುವವರನ್ನು ಒಬ್ಬರೇ ಎದುರಿಸಬೇಡಿ. ದಿನಾಂಕ ಸಹಿತ ಫೋಟೊ ಮತ್ತು ವಾಹನದ ಸಂಖ್ಯೆಯೊಂದಿಗೆ ಪೊಲೀಸರಿಗೆ ಲಿಖಿತ ದೂರು ಕೊಡಿ.

— ಸಂಪಾದಕರು