ತೊಂಬತ್ತೊಂಬತ್ತು ರೂಪಾಯಿಯ ಸೀಟು ಮತ್ತು ಹಾಸನದ ಬೈಪಾಸ್

ಓದುಗರ ಪ್ರಶ್ನೆ: ಪ್ರಯಾಣ

(ಹಾಸನದ ಬಿ.ಎಂ. ರಸ್ತೆಯಲ್ಲಿ ಬಸ್ ಟಿಕೆಟ್ ಬುಕಿಂಗ್ ಕೌಂಟರ್ ನಡೆಸುವ ಮಹಿಳೆಯೊಬ್ಬರು ಈ ಅಂಕಣದಲ್ಲಿ ಉತ್ತರಿಸುತ್ತಾರೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಗ್ಗದ ದರದ ಬಸ್ ಕಂಪನಿಗಳ ಬಗ್ಗೆಯೇ ಇದ್ದವು.)

ಮೇಡಂ, ಬೆಂಗಳೂರಿನಿಂದ ಹೈದರಾಬಾದಿಗೆ 99 ರೂಪಾಯಿ ಎಂಬ ಜಾಹೀರಾತು ನೋಡಿದ್ದೆ. ದೀಪಾವಳಿ ಮುಗಿಸಿ ಕೆಲಸಕ್ಕೆ ಮರಳಲು ಟಿಕೆಟ್ ಹುಡುಕಿದರೆ ಸಾವಿರದ ಮೇಲೆ ತೋರಿಸುತ್ತಿದೆ. ಇದು ಮೋಸವಲ್ಲವೆ?
*ಯುವ ಓದುಗ, ಚನ್ನರಾಯಪಟ್ಟಣ*

ಮೋಸವಲ್ಲಪ್ಪ, ವ್ಯಾಪಾರ. ದೀಪಾವಳಿಯ ಮರುದಿನ 99 ರೂಪಾಯಿಯ ಸೀಟು ಹುಡುಕುವುದು ಗೌರಿ ಹಬ್ಬದ ಬೆಳಿಗ್ಗೆ ಮಲ್ಲಿಗೆ ಮೊಳಕ್ಕೆ ಚೌಕಾಸಿ ಮಾಡಿದ ಹಾಗೆ.

ನೀನು ನೋಡಿದ್ದು ಬಹುಶಃ ಫ್ಲಿಕ್ಸ್‌ಬಸ್ ಕಂಪನಿಯ ಜಾಹೀರಾತು ಇರಬೇಕು. ಅದು ಜರ್ಮನಿಯ ಮ್ಯೂನಿಕ್ ನಗರದ ಕಂಪನಿ. 2024ರ ಆರಂಭದಲ್ಲಿ ದೆಹಲಿ ಕಡೆ ಕಾಲಿಟ್ಟು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ಚೆನ್ನೈ ಮತ್ತು ಹೈದರಾಬಾದಿಗೆ ಸೇವೆ ಶುರು ಮಾಡಿತು. 99 ರೂಪಾಯಿ ಎಂಬುದು ಆಗ ಕೆಲವು ವಾರಗಳ ಮಟ್ಟಿಗೆ ಇಟ್ಟ ಆರಂಭಿಕ ದರ. ಜಾಹೀರಾತು ನಿನ್ನ ತಲೆಯಲ್ಲಿ ಉಳಿದುಕೊಂಡಿತು, ದರ ಹೋಯಿತು. ಅವರಿಗೆ ಬೇಕಾಗಿದ್ದೂ ಅಷ್ಟೆ.

ಈ ವಿದ್ಯೆ ಜರ್ಮನಿಯವರದ್ದೇ ಅಲ್ಲ. 2003ರಲ್ಲಿ ಸ್ಟೇಜ್‌ಕೋಚ್ ಎಂಬ ಸ್ಕಾಟ್ಲೆಂಡಿನ ಕಂಪನಿ ಬ್ರಿಟನ್ನಿನಲ್ಲಿ ಮೆಗಾಬಸ್ ಎಂದು ಶುರು ಮಾಡಿ, ಊರಿಂದೂರಿಗೆ ಒಂದು ಪೌಂಡ್‌ಗೆ ಟಿಕೆಟ್ ಎಂದು ಸಾರಿತು. ಮೇಲೆ ಅರ್ಧ ಪೌಂಡ್ ಬುಕಿಂಗ್ ಶುಲ್ಕ. 2006ರಲ್ಲಿ ಅಮೆರಿಕದ ಷಿಕಾಗೋಗೆ ಹೋಗಿ ಅಲ್ಲಿ ಒಂದು ಡಾಲರ್ ಎಂದಿತು. ಬಸ್ ನಿಲ್ದಾಣಕ್ಕೆ ಬಾಡಿಗೆ ಕಟ್ಟುವ ಗೋಜಿಗೆ ಹೋಗದೆ ರಸ್ತೆ ಬದಿಯಲ್ಲೇ ಜನರನ್ನು ಹತ್ತಿಸಿಕೊಂಡಿತು. ಟಿಕೆಟ್ಟನ್ನು ಅಂತರ್ಜಾಲದಲ್ಲೇ ಮಾರಿ ನನ್ನಂಥ ಕೌಂಟರಿನವರ ಕಮಿಷನ್ ಉಳಿಸಿತು. (ಈ ಕೊನೆಯ ಭಾಗವನ್ನು ನಾನು ಸಂತೋಷದಿಂದ ಬರೆಯುತ್ತಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.)

ಲೆಕ್ಕ ಇಷ್ಟೇ. ಒಂದು ಬಸ್ಸಿನ ಮೊದಲ ನಾಲ್ಕಾರು ಸೀಟು ತೀರಾ ಅಗ್ಗ. ಅವು ಹೋದ ಮೇಲೆ ಒಂದು ಮೆಟ್ಟಿಲು ಮೇಲೆ, ಅರ್ಧ ತುಂಬಿದ ಮೇಲೆ ಇನ್ನೊಂದು ಮೆಟ್ಟಿಲು. ಹೊರಡುವ ದಿನ ಹತ್ತಿರ ಬಂದಂತೆ, ಶುಕ್ರವಾರ ಸಂಜೆಯಾದಂತೆ, ಹಬ್ಬ ಬಂದಂತೆ ಏರುತ್ತಲೇ ಹೋಗುತ್ತದೆ. ಮಂಗಳವಾರ ಮಧ್ಯಾಹ್ನದ ಬಸ್ಸನ್ನು ಮೂರು ವಾರ ಮೊದಲೇ ನೋಡು, ಆಗ ನಿನಗೂ ನಗು ಬರುವ ದರ ಕಾಣುತ್ತದೆ. ಹಬ್ಬಕ್ಕೆ ಊರಿಗೆ ಬರುವುದು ಗೊತ್ತಿದ್ದರೆ ಮರಳುವ ಟಿಕೆಟ್ಟನ್ನೂ ಅಂದೇ ತೆಗೆದುಬಿಡು. ಅಮ್ಮ ಇನ್ನೊಂದು ದಿನ ಇದ್ದು ಹೋಗು ಎನ್ನುತ್ತಾರೆ ಎಂದು ಕಾಯಬೇಡ. ಆ ಒಂದು ದಿನಕ್ಕೆ ಏಳೆಂಟು ನೂರು ರೂಪಾಯಿ ಬೀಳುತ್ತದೆ.

ನನ್ನ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಮಂಗಳೂರಿಗೆ ಹೋಗುವ ಖಾಸಗಿ ಸ್ಲೀಪರ್ ಬಸ್ಸಿನಲ್ಲಿ ಹಾಸನಕ್ಕೆ ಬರುತ್ತಾಳೆ. ಮಂಗಳೂರಿನ ಪೂರ್ತಿ ದರ ತೆಗೆದುಕೊಂಡು, ರಾತ್ರಿ ಎರಡರ ಸುಮಾರಿಗೆ ಊರ ಹೊರಗೆ ಬೈಪಾಸಿನಲ್ಲಿ ಇಳಿಸುತ್ತಾರೆ. ಅರ್ಧ ದಾರಿಗೆ ಪೂರ್ತಿ ದುಡ್ಡು ಏಕೆ? ಊರೊಳಗೆ ಏಕೆ ಬರುವುದಿಲ್ಲ?
*ನಿವೃತ್ತ ಶಿಕ್ಷಕಿ, ಹಾಸನ*

ಅಮ್ಮ, ನನ್ನ ಕೌಂಟರಿಗೆ ಬಂದು ಜನ ಅತಿ ಹೆಚ್ಚು ಜಗಳವಾಡಿರುವುದು ಇದೇ ವಿಷಯಕ್ಕೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಹಿಂದೆ ಸೀಟಿನ ಚಾರ್ಟು ರಟ್ಟಿಗೆ ಅಂಟಿಸಿದ ಕಾಗದವಾಗಿತ್ತು. ಎರಡೆರಡು ಚೌಕದ ಸಾಲು, ನಡುವೆ ಓಡಾಡುವ ಜಾಗ, ಮಹಿಳೆಯರು ಕೂತ ಸೀಟಿಗೆ ಕೆಂಪು ಶಾಯಿಯ ಗುರುತು. ಹಾಸನಕ್ಕೆ ಇಂತಿಷ್ಟು ಸೀಟು ಎಂದು ಕೋಟಾ ಇರುತ್ತಿತ್ತು. ಬೆಂಗಳೂರಿನ ಕಚೇರಿಯವರು ದೂರವಾಣಿ ಮಾಡಿ, ‘ಹಾಸನಕ್ಕೆ ಇಳಿಯುವವರು ಯಾರು?’ ಎಂದು ಕೇಳಿ ಆ ಚೌಕದೊಳಗೆ ‘ಹಾ’ ಎಂದು ಬರೆದುಕೊಳ್ಳುತ್ತಿದ್ದರು. ಆ ‘ಹಾ’ ಬಿದ್ದ ಚೌಕ ಕಂಡರೆ ಮಾಲೀಕರಿಗೆ ಹೊಟ್ಟೆಯುರಿ. ಕಾರಣ, ರಾತ್ರಿ ಎರಡಕ್ಕೆ ಹಾಸನದಲ್ಲಿ ಖಾಲಿಯಾದ ಸೀಟಿಗೆ ಮಂಗಳೂರಿನವರು ಯಾರು ಬಂದು ಹತ್ತುತ್ತಾರೆ? ಸಕಲೇಶಪುರ ದಾಟಿ, ಶಿರಾಡಿ ಘಾಟಿ ಇಳಿದು, ಬೆಳಗಾಗುವ ತನಕ ಆ ಸೀಟು ಖಾಲಿ ಓಡುತ್ತದೆ. ಹಾಗಾಗಿ ನಿಮ್ಮ ಮಗಳು ಕೊಡುತ್ತಿರುವುದು ತಾನು ಕೂತ ದಾರಿಯ ದುಡ್ಡಷ್ಟೇ ಅಲ್ಲ, ತಾನು ಎದ್ದು ಹೋದ ಮೇಲೆ ಖಾಲಿ ಓಡುವ ಸೀಟಿನದ್ದೂ ಸೇರಿ.

ಎರಡು ದೊಡ್ಡ ನಗರಗಳನ್ನು ಜೋಡಿಸುವ ಕಂಪನಿಗಳ ಅಗ್ಗದ ದರ ಆ ಎರಡು ತುದಿಯವರಿಗೆ. ನಡುವೆ ಇರುವ ನಮ್ಮಂಥ ಊರುಗಳು ಅವರ ಭೂಪಟದಲ್ಲಿ ಟೋಲ್ ಗೇಟು ಮತ್ತು ಚಹಾ ಹೋಟೆಲು, ಅಷ್ಟೆ. ಬ್ರಿಟನ್ನಿನಲ್ಲಾಗಲಿ ಜರ್ಮನಿಯಲ್ಲಾಗಲಿ ಬೆಂಗಳೂರು–ಮಂಗಳೂರು ದಾರಿಯಲ್ಲಾಗಲಿ ಕಥೆ ಬೇರೆಯಾಗುವುದಿಲ್ಲ. ಊರೊಳಗೆ ಬಂದು ಹೋದರೆ ಅರ್ಧ ಗಂಟೆ ಹೋಗುತ್ತದೆ; ಬಸ್ಸಿನಲ್ಲಿರುವ ಮೂವತ್ತು ಜನ ಬೆಳಗ್ಗೆ ಕಚೇರಿಗೆ ತಡವಾಯಿತೆಂದು ಒಂದು ನಕ್ಷತ್ರದ ಅಭಿಪ್ರಾಯ ಬರೆಯುತ್ತಾರೆ. ಇಳಿದ ಒಬ್ಬಳ ಕಷ್ಟ ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಕಾನೂನಿನ ಮಾತೂ ಒಂದಿದೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಎರಡು ಬಗೆಯ ಪರವಾನಗಿ ಇವೆ. ದಾರಿಯುದ್ದಕ್ಕೂ ನಿಲ್ಲಿಸಿ, ಹತ್ತಿಸಿ, ಇಳಿಸಿ, ತಲೆಗಿಷ್ಟು ಎಂದು ದರ ಪಡೆಯುವುದು ಸ್ಟೇಜ್ ಕ್ಯಾರೇಜ್; ನಮ್ಮ ಕೆಂಪು ಬಸ್ ಈ ಬಗೆಯದು. ಮೊದಲೇ ಗೊತ್ತು ಮಾಡಿದ ಜನರನ್ನು ಇಲ್ಲಿಂದ ಅಲ್ಲಿಗೆ ಒಯ್ಯುವುದು ಕಾಂಟ್ರ್ಯಾಕ್ಟ್ ಕ್ಯಾರೇಜ್. ರಾತ್ರಿ ಓಡುವ ಖಾಸಗಿ ಸ್ಲೀಪರ್‌ಗಳಲ್ಲಿ ಬಹುಪಾಲು ಈ ಎರಡನೆಯ ಬಗೆಯವು. ನಡುದಾರಿಯಲ್ಲಿ ಹೊಸಬರನ್ನು ಹತ್ತಿಸುವಂತಿಲ್ಲ, ಊರೂರಿನ ನಿಲ್ದಾಣದೊಳಗೆ ಹೋಗಿ ಕೂಗುವಂತಿಲ್ಲ. ಕಾನೂನು ಹೀಗೆ, ದಾರಿಯಲ್ಲಿ ನಡೆಯುವುದು ಹೇಗೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ನನ್ನ ಸಲಹೆ ಕೇಳಿದರೆ, ನಿಮ್ಮ ಮಗಳು ಸಂಜೆ ಮೆಜೆಸ್ಟಿಕ್‌ಗೆ ಬಂದು ಹಾಸನದ ಕೆಂಪು ಬಸ್ ಹತ್ತಲಿ. ಕುಣಿಗಲ್, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ ಎಂದು ಬಂದು ಬಸ್ ನಿಲ್ದಾಣದ ದೀಪದ ಕೆಳಗೆ ಇಳಿಸುತ್ತದೆ. ಮಲಗಿ ಬರಲು ಆಗುವುದಿಲ್ಲ, ನಿಜ. ಆದರೆ ನೀವು ಮನೆಯಲ್ಲಿ ಗಡಿಯಾರ ನೋಡುತ್ತಾ ಕೂರುವುದು ತಪ್ಪುತ್ತದೆ. ತಡರಾತ್ರಿಯೇ ಬರಬೇಕೆಂದಿದ್ದರೆ ಮಂಗಳೂರು, ಧರ್ಮಸ್ಥಳದ ಕಡೆ ಹೋಗುವ ಸರ್ಕಾರಿ ಬಸ್ ನೋಡಲಿ. ಹಾಸನ ನಿಲ್ದಾಣದೊಳಗೆ ಬರುತ್ತದೆಯೇ ಎಂದು ಕಾಯ್ದಿರಿಸುವಾಗಲೇ ಇಳಿಯುವ ಸ್ಥಳದ ಪಟ್ಟಿಯಲ್ಲಿ ಓದಿಕೊಳ್ಳಲಿ.

ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜಹಂಸದಲ್ಲಿ ಉಂಟೆ? ಖಾಸಗಿ ಬಸ್ಸಿನಲ್ಲಿ?
*ಗೃಹಿಣಿ, ಬೇಲೂರು*

ಎರಡರಲ್ಲೂ ಇಲ್ಲ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಈ ಯೋಜನೆ ಸರ್ಕಾರಿ ನಿಗಮಗಳ ಸಾಮಾನ್ಯ ಬಸ್ಸುಗಳಿಗೆ, ಅದೂ ರಾಜ್ಯದೊಳಗಿನ ಪ್ರಯಾಣಕ್ಕೆ. ರಾಜಹಂಸ, ಐರಾವತ, ಸ್ಲೀಪರ್ ಹೊರಗೆ. ವಿಳಾಸ ಕರ್ನಾಟಕದ್ದಿರುವ ಗುರುತಿನ ಚೀಟಿ ತೋರಿಸಿ, ಶೂನ್ಯ ದರದ ಚೀಟಿಯನ್ನು ಕೇಳಿ ಪಡೆಯಿರಿ. ಉಚಿತವೆಂದು ಚೀಟಿ ಇಲ್ಲದೆ ಕೂರಬೇಡಿ.

ಫ್ಲಿಕ್ಸ್‌ಬಸ್‌ನಂಥ ದೊಡ್ಡ ಕಂಪನಿಯ ಬಳಿ ಸ್ವಂತ ಬಸ್ಸೇ ಇಲ್ಲ ಎಂದು ನಮ್ಮ ತೋಟದ ಲೆಕ್ಕ ಬರೆಯುವ ರೈಟರ್ ವಾದಿಸುತ್ತಾರೆ. ನಿಜವೆ? ಹಾಗಾದರೆ ಬಸ್ ಕೆಟ್ಟರೆ ಯಾರನ್ನು ಹಿಡಿಯಬೇಕು?
*ಕಾಫಿ ಬೆಳೆಗಾರರು, ಸಕಲೇಶಪುರ*

ನಿಮ್ಮ ರೈಟರ್ ಹೇಳಿದ್ದು ಹೆಚ್ಚುಕಡಿಮೆ ಸರಿ. ಫ್ಲಿಕ್ಸ್‌ಬಸ್ಸಿನ ಪದ್ಧತಿಯೇ ಅದು: ಬಣ್ಣ, ಹೆಸರು, ದರ, ವೇಳಾಪಟ್ಟಿ, ಟಿಕೆಟ್ ಮಾರಾಟ ಅವರದು, ಬಸ್ಸು, ಚಾಲಕ, ಡೀಸೆಲ್, ರಿಪೇರಿ ಸ್ಥಳೀಯ ಮಾಲೀಕರದು. ಬಂದ ಹಣದಲ್ಲಿ ಇಬ್ಬರಿಗೂ ಪಾಲು. ಬಸ್ಸಿನ ಬದಿಯಲ್ಲಿ ದೂರಕ್ಕೆ ಕಾಣುವ ಹೆಸರು ಬ್ರ್ಯಾಂಡಿನದ್ದು. ಬಾಗಿಲ ಹತ್ತಿರ ಬೆರಳಷ್ಟು ಎತ್ತರದ ಅಕ್ಷರದಲ್ಲಿ ಬರೆದಿರುವುದು ಮಾಲೀಕರ ಹೆಸರು. ಹತ್ತುವ ಮುನ್ನ ನಂಬರ್ ಪ್ಲೇಟು ಮತ್ತು ಆ ಸಣ್ಣಕ್ಷರ ಎರಡನ್ನೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಟಿಕೆಟ್ಟಿನ ಹಣ ವಾಪಸಾಗಬೇಕಾದರೆ ಟಿಕೆಟ್ ಮಾರಿದವರನ್ನು ಹಿಡಿಯಬೇಕು. ಅಪಘಾತದ ಪರಿಹಾರದ ಮಾತು ಬಂದರೆ ಬೇಕಾಗುವುದು ಬಸ್ಸಿನ ನೋಂದಣಿ ಸಂಖ್ಯೆ ಮತ್ತು ಅದರ ವಿಮೆ. ಕೆಟ್ಟು ನಿಂತ ಬಸ್ಸಿನ ಪಕ್ಕದಲ್ಲಿ ನಿಂತು ಮ್ಯೂನಿಕ್‌ನವರನ್ನು ಬೈದರೆ ಚಾಲಕನಿಗೂ ಅರ್ಥವಾಗುವುದಿಲ್ಲ.

ಅಕ್ಕ, ನಮ್ಮ ಕೊಪ್ಪದ ಸಹಕಾರ ಸಾರಿಗೆ ನಿಂತುಹೋಯಿತು. ಕಾರ್ಮಿಕರೇ ನಡೆಸಿದ, ಕಡಿಮೆ ದರದ ಬಸ್ ಉಳಿಯಲಿಲ್ಲ. ಎಲ್ಲಿಂದಲೋ ಬಂದವರು ಕಡಿಮೆ ದರದಲ್ಲಿ ಓಡಿಸಿ ಬೆಳೆಯುತ್ತಾರೆ. ಇದು ಹೇಗೆ?
*ಓದುಗರು, ಕೊಪ್ಪ, ಚಿಕ್ಕಮಗಳೂರು ಜಿಲ್ಲೆ*

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಶಂಕರ್ ಕಂಪನಿಯ ಬಸ್ಸುಗಳು ನಿಂತಾಗ ಅಲ್ಲಿನ ಕಾರ್ಮಿಕರೇ ಸೇರಿ 1991ರಲ್ಲಿ ಸಹಕಾರ ಸಂಘ ಕಟ್ಟಿಕೊಂಡು ಬಸ್ ಓಡಿಸಿದ್ದು ಮಲೆನಾಡಿನವರು ಎದೆಯುಬ್ಬಿಸಿ ಹೇಳಿಕೊಳ್ಳುವ ಸಂಗತಿ. ಅದು ನಿಂತದ್ದು 2020ರಲ್ಲಿ.

ಎರಡರದ್ದೂ ಕಡಿಮೆ ದರವೇ. ಆದರೆ ಸಹಕಾರ ಸಾರಿಗೆಯ ಬಸ್ ಶಾಲೆಯ ಮಕ್ಕಳಿಗೆ ರಿಯಾಯಿತಿ ಕೊಟ್ಟು, ಕ್ರಾಸ್ ಕ್ರಾಸಿಗೂ ನಿಂತು, ಮಳೆಗಾಲದಲ್ಲಿ ಕಿತ್ತುಹೋದ ರಸ್ತೆಯಲ್ಲಿ ಟೈರು ಸವೆಸಿಕೊಂಡು ಓಡಿತು. ಮೂರು ಜನ ಹತ್ತುವ ಕಡೆಗೂ ದಿನಾ ಹೋಯಿತು. ಡೀಸೆಲ್, ವಿಮೆ, ತೆರಿಗೆ, ಸಂಬಳ ಎಲ್ಲವೂ ಅದರ ಹೆಗಲ ಮೇಲೇ. ನಗರದಿಂದ ನಗರಕ್ಕೆ ಓಡಿಸುವ ಕಂಪನಿ ತುಂಬುವ ದಾರಿಯನ್ನು ಮಾತ್ರ ಆರಿಸಿಕೊಳ್ಳುತ್ತದೆ. ತುಂಬದಿದ್ದರೆ ಮುಂದಿನ ವಾರ ಆ ಬಸ್ಸೇ ಪಟ್ಟಿಯಲ್ಲಿರುವುದಿಲ್ಲ. ಇವತ್ತು ದರ ಇಳಿಸಿ ಕಳೆದುಕೊಂಡದ್ದನ್ನು ಹಬ್ಬದ ದಿನ ವಸೂಲು ಮಾಡುತ್ತದೆ. ನಿಮ್ಮ ಬಸ್ಸು ಹೊರನಾಡಿನ ಜಾತ್ರೆಗೆ ಹೋಗುವವರಿಂದ ಮೂರು ಪಟ್ಟು ದರ ಕೇಳಿದ್ದರೆ ಜನ ಬಿಡುತ್ತಿದ್ದರೆ?

ಫ್ಲಿಕ್ಸ್‌ಬಸ್ ಹುಟ್ಟಿದ್ದಕ್ಕೂ ಒಂದು ಕಾರಣವಿದೆ. ಜರ್ಮನಿಯಲ್ಲಿ ರೈಲನ್ನು ಕಾಪಾಡಲೆಂದು ದೂರದೂರಿನ ಬಸ್ಸುಗಳಿಗೆ ದಶಕಗಳ ಕಾಲ ತಡೆ ಇತ್ತು. 2013ರ ಜನವರಿಯಲ್ಲಿ ಅದನ್ನು ತೆಗೆದರು. ಬಾಗಿಲು ತೆರೆದ ತಕ್ಷಣ ಹಲವರು ನುಗ್ಗಿದರು, ಕೈ ಸುಟ್ಟುಕೊಂಡರು, ಕೊನೆಗೆ ಇವರು ಗಟ್ಟಿಯಾಗಿ ಉಳಿದರು. 2021ರಲ್ಲಿ ಅಮೆರಿಕದ ಗ್ರೇಹೌಂಡನ್ನೇ ಕೊಂಡರು, 1914ರಷ್ಟು ಹಳೆಯ ಕಂಪನಿಯನ್ನು. ಅಷ್ಟು ನಷ್ಟ ತಾಳಿಕೊಳ್ಳುವ ಬಂಡವಾಳ ಬೆನ್ನಿಗಿದ್ದವರಿಗೂ, ತಾವೇ ಸೇರಿ ಬಸ್ ಓಡಿಸಿದ ಕಾರ್ಮಿಕರಿಗೂ ಹೋಲಿಕೆ ಮಾಡಿ ನಿಮ್ಮವರು ಸೋತರೆಂದು ದಯವಿಟ್ಟು ಬರೆಯಬೇಡಿ.

ಸ್ಲೀಪರ್ ಬಸ್ಸಿಗೆ ಬೆಂಕಿ ಬಿದ್ದ ಸುದ್ದಿ ಓದಿ ಭಯವಾಗುತ್ತದೆ. ಅಗ್ಗದ ಬಸ್ಸೆಂದರೆ ಅಪಾಯವೆ?
*ವಿದ್ಯಾರ್ಥಿನಿ, ಅರಸೀಕೆರೆ*

ದರಕ್ಕೂ ಬೆಂಕಿಗೂ ನಂಟಿಲ್ಲ ಮಗಳೇ. 2013ರ ಅಕ್ಟೋಬರ್‌ನಲ್ಲಿ ಈಗಿನ ತೆಲಂಗಾಣದ ಪಾಲೆಮ್ ಬಳಿ ಬಸ್ಸಿಗೆ ಬೆಂಕಿ ಬಿದ್ದು 45 ಜನ ಸತ್ತದ್ದು ಒಳ್ಳೆಯ ದರ ಕೊಟ್ಟು ಹತ್ತಿದ ಹವಾನಿಯಂತ್ರಿತ ಬಸ್ಸಿನಲ್ಲಿ. 2025ರ ಅಕ್ಟೋಬರ್‌ನಲ್ಲಿ ಕರ್ನೂಲಿನ ಬಳಿ ಮತ್ತೊಂದು ಬಸ್ ಸುಟ್ಟಿತು. ಎರಡೂ ಬೆಂಗಳೂರು–ಹೈದರಾಬಾದ್ ನಡುವಿನವು. ಹತ್ತಿದ ಕೂಡಲೇ ಇಯರ್‌ಫೋನ್ ಹಾಕಿಕೊಳ್ಳುವ ಮೊದಲು ಮೂರು ಸಂಗತಿ ನೋಡು: ತುರ್ತು ಬಾಗಿಲು ಎಲ್ಲಿದೆ, ಅದರ ಮುಂದೆ ಪಾರ್ಸಲ್ ಪೆಟ್ಟಿಗೆ ಜೋಡಿಸಿದ್ದಾರೆಯೇ, ಗಾಜು ಒಡೆಯುವ ಸುತ್ತಿಗೆ ಅದರ ಜಾಗದಲ್ಲಿದೆಯೇ. ಸುತ್ತಿಗೆ ಇಲ್ಲದಿದ್ದರೆ ಕೇಳು, ನಾಚಿಕೊಳ್ಳಬೇಡ. ಪರದೆ ಎಳೆದುಕೊಂಡು ಮಲಗಿದರೂ ಚಪ್ಪಲಿ ಮತ್ತು ಮೊಬೈಲ್ ಕೈಗೆ ಸಿಗುವ ಹಾಗೆ ಇರಲಿ.

ಹಾಸನದಿಂದ ಚೆನ್ನೈಗೆ ಕಡಿಮೆ ಖರ್ಚಿನಲ್ಲಿ ಹೋಗುವುದು ಹೇಗೆ?
*ಓದುಗರು, ಹೊಳೆನರಸೀಪುರ*

ಬೆಂಗಳೂರಿನ ತನಕ ರೈಲು ಅಥವಾ ಕೆಂಪು ಬಸ್, ಅಲ್ಲಿಂದ ಮೊದಲೇ ಕಾಯ್ದಿರಿಸಿದ ಅಗ್ಗದ ಬಸ್. ಶ್ರವಣಬೆಳಗೊಳ, ಕುಣಿಗಲ್ ಮಾರ್ಗದ ರೈಲು 2017ರಿಂದ ಓಡುತ್ತಿದೆ, ಬಸ್ಸಿಗಿಂತ ಅಗ್ಗ. ಒಂದು ಎಚ್ಚರಿಕೆ: ಇವು ಎರಡು ಬೇರೆ ಬೇರೆ ಟಿಕೆಟ್. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹಣ ಕೊಡುವುದಿಲ್ಲ. ರಾತ್ರಿ ಹತ್ತರ ಬಸ್ಸಿದ್ದರೆ ಮಧ್ಯಾಹ್ನ ಮೂರಕ್ಕೇ ಹಾಸನ ಬಿಡಿ. ಸಂಜೆ ನೆಲಮಂಗಲ ದಾಟಿ ಗೊರಗುಂಟೆಪಾಳ್ಯ ಸೇರುವಷ್ಟರಲ್ಲಿ ಎಷ್ಟು ಹೊತ್ತಾಗುತ್ತದೆ ಎಂದು ಯಾವ ವೇಳಾಪಟ್ಟಿಯೂ ಹೇಳುವುದಿಲ್ಲ. ಚೆನ್ನೈ ಬಸ್ ಹತ್ತುವ ಜಾಗ ಮೆಜೆಸ್ಟಿಕ್ಕೇ ಆಗಿರಬೇಕೆಂದಿಲ್ಲ, ಟಿಕೆಟ್ಟಿನಲ್ಲಿ ನೋಡಿ.