ಹದಿನೇಳು ಊರು ಬೇಡ, ಒಂದು ಬಸ್ ಸ್ಟಾಪ್ ಸಾಕು

ನಮಸ್ಕಾರ.

ನಿಮ್ಮ ಲೇಖನ ಬಂದು ಮೂರು ವಾರ ಆಯ್ತು. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ನಿಮ್ಮನ್ನು ಕೊನೆಯವರೆಗೂ ಕಾಯಿಸುವುದು ಬೇಡ ಅಂತ ಮೊದಲೇ ಹೇಳಿಬಿಟ್ಟೆ. ಆದರೆ ಸುಮ್ನೆ ವಾಪಸ್ ಕಳಿಸಿ ಕೈ ತೊಳೆದುಕೊಳ್ಳುವಂಥ ಬರಹವೂ ಅಲ್ಲ ಅದು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಬಸ್ಸಿಗೇ ಮೀಸಲಾದ ದಾರಿಗಳು ಜಗತ್ತಿನ ನಗರಗಳಲ್ಲಿ ಹೇಗೆ ಹಬ್ಬಿದವು ಅನ್ನೋದು ನಿಮ್ಮ ವಿಷಯ. ಒಳ್ಳೆಯ ವಿಷಯ. ಅದರಲ್ಲಿ ಹದಿನೇಳು ಊರುಗಳಿವೆ. ಕುರಿಟಿಬಾ, ಬೊಗೋಟಾ, ಜಕಾರ್ತಾ, ಇಸ್ತಾಂಬುಲ್, ಗುವಾಂಗ್‌ಝೌ, ಲಾಗೋಸ್, ಅಹಮದಾಬಾದ್... ಪ್ರತಿ ಊರಿಗೂ ಒಂದು ವರ್ಷ, ಇಷ್ಟು ಕಿಲೋಮೀಟರ್, ಆಮೇಲೆ ಮುಂದಿನ ಊರು. ಏಳನೆಯ ಊರಿಗೆ ಬರುವಷ್ಟರಲ್ಲಿ ಮೊದಲನೆಯದು ನನಗೆ ಮರೆತುಹೋಗಿತ್ತು. ನೀವು ದಿನಾ ಹೆಬ್ಬಾಳದಲ್ಲಿ 500 ಡಿ ಬಸ್ಸು ಹತ್ತಿ ಕೆಲಸಕ್ಕೆ ಹೋಗುತ್ತೀರಿ ಅಂತ ಗೊತ್ತಾಗಿದ್ದು ಕೊನೆಯ ಪ್ಯಾರಾದಲ್ಲಿ. ಅಲ್ಲೊಂದು ಸಾಲಿದೆ: 'ಹತ್ತಿದವರು ಬಾಗಿಲಲ್ಲೇ ನಿಲ್ಲುತ್ತಾರೆ, ಕಂಡಕ್ಟರ್ ಒಳಗೆ ಹೋಗಿ ಒಳಗೆ ಹೋಗಿ ಅಂತ ಕೂಗುತ್ತಾರೆ, ಬಸ್ಸು ನಿಂತೇ ಇರುತ್ತದೆ.' ಇಡೀ ಲೇಖನದಲ್ಲಿ ನಾನು ಪೆನ್ಸಿಲ್‌ನಿಂದ ಗೆರೆ ಎಳೆದಿದ್ದು ಅದೊಂದಕ್ಕೇ.

ಬಸ್ಸು ನಿಂತೇ ಇರುತ್ತದೆ ಅಂದಿರಲ್ಲ, ನಿಮ್ಮ ವಿಷಯದ ಬೇರು ಇರೋದು ಅಲ್ಲೇ. ಬಸ್ಸು ತಡವಾಗೋದು ಟ್ರಾಫಿಕ್‌ನಿಂದ ಮಾತ್ರ ಅಂದುಕೊಂಡಿರುತ್ತೇವೆ, ಅಲ್ವಾ? ನಿಮ್ಮ ಸಾಲು ಓದಿದ ಮೇಲೆ ಹೋದ ಬುಧವಾರ ಬೆಳಿಗ್ಗೆ ಮನೆ ಹತ್ತಿರದ ಸ್ಟಾಪಲ್ಲಿ ವಾಚ್ ನೋಡಿಕೊಂಡು ನಿಂತೆ. ಸ್ಟಾಪಿನ ಎದುರೇ ಎರಡು ಆಟೋ ನಿಂತಿದ್ದವು. ಹಾಗಾಗಿ ಬಸ್ಸು ರಸ್ತೆ ನಡುವೆಯೇ ನಿಂತಿತು. ಜನ ಓಡಿದರು. ಎಲ್ಲರಿಗಿಂತ ಮುಂದೆ ಒಬ್ಬ ಅಜ್ಜಿ, ಕೈಯಲ್ಲಿ ಹೂವಿನ ಬುಟ್ಟಿ. ಬುಟ್ಟಿಯನ್ನು ಮೊದಲು ಮೆಟ್ಟಿಲ ಮೇಲಿಟ್ಟರು. ಆಮೇಲೆ ಕಂಬಿ ಹಿಡಿದು ಒಂದು ಕಾಲು. ಸ್ವಲ್ಪ ಸುಧಾರಿಸಿಕೊಂಡು ಇನ್ನೊಂದು ಕಾಲು. ಹಿಂದೆ ಏಳು ಜನ ಕಾಯುತ್ತಿದ್ದರು, ಯಾರೂ ಬೈಯಲಿಲ್ಲ. ಕಂಡಕ್ಟರ್ 'ರೈಟ್' ಅನ್ನುವಷ್ಟರಲ್ಲಿ 48 ಸೆಕೆಂಡ್ ಆಗಿತ್ತು. ಮುಂದಿನ ಸಿಗ್ನಲ್ ಅಷ್ಟರಲ್ಲಿ ಕೆಂಪಾಗಿತ್ತು.

ಒಂದು ಸ್ಟಾಪಿಗೆ 48 ಸೆಕೆಂಡ್ ಅಂದರೆ ಇಪ್ಪತ್ತು ಸ್ಟಾಪಿಗೆ ಹದಿನಾರು ನಿಮಿಷ. ಟ್ರಾಫಿಕ್ ಒಂಚೂರೂ ಇಲ್ಲದಿದ್ದರೂ ಹದಿನಾರು ನಿಮಿಷ ಹೋಯ್ತು. ಬಸ್ಸಿಗೆ ಬೇರೆ ದಾರಿ ಬಿಟ್ಟರೂ ಈ ಹದಿನಾರು ನಿಮಿಷ ಹಾಗೇ ಉಳಿಯುತ್ತದೆ. ಅದನ್ನು ಕಡಿಮೆ ಮಾಡಬೇಕಾದರೆ ನಿಲ್ದಾಣದ ನೆಲ ಬಸ್ಸಿನ ನೆಲದಷ್ಟೇ ಎತ್ತರ ಇರಬೇಕು, ಆ ಅಜ್ಜಿ ಬುಟ್ಟಿ ಹಿಡಿದುಕೊಂಡೇ ನಡೆದು ಒಳಗೆ ಹೋಗುವ ಹಾಗೆ. ಟಿಕೆಟ್ ಬಸ್ಸು ಬರುವ ಮುಂಚೆಯೇ ತೆಗೆದುಕೊಂಡಿರಬೇಕು. ಬಾಗಿಲು ಅಗಲ ಇರಬೇಕು, ಎಲ್ಲ ಬಾಗಿಲೂ ಒಟ್ಟಿಗೇ ತೆರೆಯಬೇಕು. ಓದುಗರಿಗೆ ಇದು ಕಣ್ಣಿಗೆ ಕಟ್ಟಿದ ಮೇಲೆ ಬ್ರೆಜಿಲ್‌ಗೆ ಕರೆದುಕೊಂಡು ಹೋಗಿ, ಬರುತ್ತಾರೆ.

ಬ್ರೆಜಿಲ್ ಅಂದಾಗ ಒಂದು ತಪ್ಪು ತಿದ್ದಬೇಕು. ಕುರಿಟಿಬಾದಲ್ಲಿ 1974ರಲ್ಲೇ ಗಾಜಿನ ಕೊಳವೆಯಂಥ ನಿಲ್ದಾಣಗಳು ಬಂದವು ಅಂತ ಬರೆದಿದ್ದೀರಿ. 1974ರಲ್ಲಿ ಬಂದಿದ್ದು ಬಸ್ಸಿಗೇ ಬಿಟ್ಟ ದಾರಿ. ಕೊಳವೆ ನಿಲ್ದಾಣ ಬಂದಿದ್ದು 1991ರಲ್ಲಿ. ನಡುವೆ ಹದಿನೇಳು ವರ್ಷ. ಎರಡೂ ಹೊತ್ತಿನಲ್ಲಿ ಮೇಯರ್ ಆಗಿದ್ದವರು ಒಬ್ಬರೇ, ವಾಸ್ತುಶಿಲ್ಪಿ ಜೈಮಿ ಲರ್ನರ್. ಮೊದಲು ದಾರಿ ಮಾಡಿದ ಮನುಷ್ಯ ಮತ್ತೆ ಅಧಿಕಾರಕ್ಕೆ ಬಂದಾಗ ಹತ್ತೋದು ಇಳಿಯೋದನ್ನು ಸರಿಮಾಡಿದರು. ಅದರ ಮರುವರ್ಷ ಮೂರು ತುಂಡು ಜೋಡಿಸಿದ ಉದ್ದನೆಯ ಬಸ್ಸು ಬಂತು. ವರ್ಷ ತಪ್ಪಿದ್ದರಿಂದ ಈ ಕಥೆಯೇ ನಿಮ್ಮ ಕೈತಪ್ಪಿದೆ. ನನಗೆ ಹೆಚ್ಚು ಬೇಜಾರಾಗಿದ್ದು ಅದಕ್ಕೇ.

ಕೊಲಂಬಿಯಾದ ಬೊಗೋಟಾದಲ್ಲೂ ಹಾಗೇ. ಮೇಯರ್ ಆಗಿದ್ದ ಎನ್ರಿಕೆ ಪೆನ್ಯಾಲೋಸಾ ಅವರ ಪ್ರಸಿದ್ಧ ಮಾತಿನಿಂದ ಲೇಖನ ಶುರುಮಾಡಿದ್ದೀರಿ. ಆ ಮಾತು ಎಲ್ಲರೂ ಹಾಕುತ್ತಾರೆ, ತೆಗೆದುಬಿಡಿ. ಅದರ ಬದಲು ಅವರ ಕಾಲದಲ್ಲಿ ಆದ ಕೆಲಸ ಹೇಳಿ. 2000ದ ಡಿಸೆಂಬರ್‌ಗೆ ಮುಂಚೆ ಅಲ್ಲಿ ಖಾಸಗಿ ಬಸ್ಸುಗಳು ಒಂದೊಂದು ಪ್ರಯಾಣಿಕನಿಗೂ ಕಿತ್ತಾಡುತ್ತಿದ್ದವು. ಎಷ್ಟು ತಲೆ ಹತ್ತಿದರೆ ಅಷ್ಟು ದುಡ್ಡು. ಡ್ರೈವರ್‌ಗಳು ರೇಸಿಗೆ ಬಿದ್ದು ಓಡಿಸುತ್ತಿದ್ದರು. ಊರಿನವರು ಅದಕ್ಕೆ ಚಿಲ್ಲರೆ ಕಾಸಿನ ಯುದ್ಧ ಅಂತಲೇ ಹೆಸರಿಟ್ಟಿದ್ದರು. ಟ್ರಾನ್ಸ್‌ಮಿಲೇನಿಯೊ ಅನ್ನೋ ಅಲ್ಲಿನ ಬಸ್ ಪಥ ಬಂದಾಗ ಬಸ್ ಓಡಿಸುವ ಕಂಪನಿಗಳಿಗೆ ಕಿಲೋಮೀಟರ್ ಲೆಕ್ಕದಲ್ಲಿ ದುಡ್ಡು ಕೊಡೋದು ಶುರುವಾಯ್ತು. ನಿಲ್ದಾಣಗಳ ಬಳಿ ಒಂದೊಂದು ದಿಕ್ಕಿಗೂ ಎರಡು ಪಥ ಬಿಟ್ಟರು. ನಿಂತ ಬಸ್ಸನ್ನು ಎಕ್ಸ್‌ಪ್ರೆಸ್ ಬಸ್ಸು ದಾಟಿ ಹೋಗಬಹುದು. ಒಂದು ದಿಕ್ಕಿನಲ್ಲಿ ಗಂಟೆಗೆ ನಲವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಬಸ್ಸು ಸಾಗಿಸಬಲ್ಲದು ಅಂತ ತೋರಿಸಿದ ಊರು ಅದು. ಅಲ್ಲಿನ ನೂಕುನುಗ್ಗಲನ್ನೂ ಬರೆಯಿರಿ. ಈಗ ಅವರೂ ಮೆಟ್ರೋ ಕಟ್ಟುತ್ತಿದ್ದಾರೆ. ಅದನ್ನು ಮುಚ್ಚಿಟ್ಟರೆ ಓದುಗರು ನಿಮ್ಮ ಬೇರೆ ಮಾತನ್ನೂ ನಂಬಲ್ಲ.

ಇನ್ನು ದೆಹಲಿ. ಇಲ್ಲಿ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ, ತಪ್ಪು ತಿಳಿಯಬೇಡಿ. 'ನಮ್ಮ ಜನಕ್ಕೆ ಶಿಸ್ತಿಲ್ಲದ ಕಾರಣ ದೆಹಲಿಯಲ್ಲಿ ವಿಫಲವಾಯಿತು' ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಇದು ಯೋಚನೆ ಮಾಡಿ ಬರೆದ ಸಾಲಲ್ಲ. ಎಲ್ಲೋ ಕೇಳಿದ್ದು ಹಾಗೇ ಬಂದಿದೆ. 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 5.8 ಕಿಲೋಮೀಟರ್ ಬಸ್ ಪಥ ಮಾಡಿದರು. ದಾರಿ ರಸ್ತೆ ನಡುವೆ ಬಂತು. ಆದರೆ ಹೊರಗೇ ಟಿಕೆಟ್ ಕೊಳ್ಳುವ ನಿಲ್ದಾಣ ಬರಲಿಲ್ಲ. ಚೌಕಗಳಲ್ಲಿ ಸಿಗ್ನಲ್ ಉದ್ದವಾಯ್ತು. ಪಕ್ಕದ ಪಥದಲ್ಲಿ ಕಾರುಗಳು ಸಾಲುಗಟ್ಟಿದವು. ಕಾರಿನಲ್ಲಿ ಕೂತವರು ಪಕ್ಕದ ಖಾಲಿ ರಸ್ತೆಯನ್ನು ನೋಡಿ ನೋಡಿ ಸಿಟ್ಟಾದರು. 2016ರಲ್ಲಿ ಕಿತ್ತುಹಾಕಿದರು.

ಆ 'ಖಾಲಿ ರಸ್ತೆ'ಗೆ ನೀವು ಒಂದು ಇಡೀ ಪ್ಯಾರಾ ಕೊಡಬೇಕು. ಲೆಕ್ಕ ಸುಲಭ. ನಿಮಿಷಕ್ಕೆ ಒಂದು ಬಸ್, ಒಂದರಲ್ಲಿ 60 ಜನ ಅಂದುಕೊಳ್ಳಿ. ಗಂಟೆಗೆ 3,600 ಜನ. ಪಕ್ಕದಲ್ಲಿ ಸಿಗ್ನಲ್ ಇರುವ ರಸ್ತೆಯ ಒಂದು ಪಥದಲ್ಲಿ ಗಂಟೆಗೆ ಸಾವಿರ ಕಾರು ದಾಟಿದರೆ ಅದೇ ಜಾಸ್ತಿ. ಅದರಲ್ಲಿ ಕೂತಿರುವವರು ಒಬ್ಬರೋ ಇಬ್ಬರೋ. ಆದರೂ ಕಣ್ಣಿಗೆ ಬೀಳೋದು ಏನು? ಒಂದು ಬಸ್ಸು ಹೋದ ಮೇಲೆ ಇನ್ನೊಂದು ಬರುವವರೆಗೆ ಒಂದು ನಿಮಿಷ ಖಾಲಿ ಟಾರು. ಪಥ ಸರಿಯಾಗಿ ನಡೆದಷ್ಟೂ ಖಾಲಿ ಕಾಣುತ್ತದೆ. ಕಾರಿನವರ ಸಿಟ್ಟು ಸುಳ್ಳಲ್ಲ, ಅದನ್ನೂ ಮರ್ಯಾದೆಯಿಂದಲೇ ಬರೆಯಿರಿ. ಇಂದೋರ್, ಭೋಪಾಲ್‌ನಲ್ಲೂ ಪಥ ಕೀಳುವ ಮಾತು ಬಂದಿದ್ದು ಇದೇ ಸಿಟ್ಟಿನ ಸುತ್ತ.

ನಮ್ಮ ಔಟರ್ ರಿಂಗ್ ರೋಡಿನ ಕಥೆ ನೀವೇ ಕಣ್ಣಾರೆ ನೋಡಿದವರು. 2019ರ ಕೊನೆಗೆ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್.ಪುರದ ಕಡೆಗೆ ಎಡ ಅಂಚಿನಲ್ಲಿ ಬಸ್ಸಿಗೆ ಅಂತ ಪಥ ಬಿಟ್ಟರು. ಉದ್ದಕ್ಕೂ ಗೂಟ ನೆಟ್ಟರು. ಆಮೇಲೆ ಮೆಟ್ರೋ ಕೆಲಸ ಬಂತು, ಪಥ ಹೋಯ್ತು. ನಿಮ್ಮ ಲೇಖನದಲ್ಲಿ ಇದು ಅರ್ಧ ಸಾಲು. ಆಗ ನೀವು ಆ ಬಸ್ಸಿನಲ್ಲಿದ್ದಿರಿ! ಮಾರತಹಳ್ಳಿ ದಾಟೋಕೆ ಎಷ್ಟು ಹೊತ್ತಾಗುತ್ತಿತ್ತು, ಪಥ ಹೋದ ಮೇಲೆ ಎಷ್ಟಾಯ್ತು, ಗೂಟದ ಸಂದಿಯಲ್ಲಿ ಬೈಕುಗಳು ನುಗ್ಗುತ್ತಿದ್ದವಾ, ಯಾರಾದರೂ ತಡೆಯುತ್ತಿದ್ದರಾ? ಕುರಿಟಿಬಾದ ಬಗ್ಗೆ ಯಾರು ಬೇಕಾದರೂ ಬರೆದಾರು. ಇದನ್ನು ಬರೆಯೋಕೆ ಆಗೋದು ಆ ಬಸ್ಸಲ್ಲಿ ಓಡಾಡಿದ ನಿಮ್ಮಂಥವರಿಗೇ. ಇದರ ಪಕ್ಕದಲ್ಲಿ ಚೀನಾದ ಗುವಾಂಗ್‌ಝೌ ಇಡಿ. 2010ರಲ್ಲಿ ಶುರುವಾದ 22.5 ಕಿಲೋಮೀಟರ್ ಪಥ ಅದು. ಬಡಾವಣೆಗಳ ಮಾಮೂಲಿ ರಸ್ತೆಗಳಿಂದ ಬಂದ ಬಸ್ಸುಗಳು ಅದರೊಳಗೆ ಸೇರಿ, ಮತ್ತೆ ತಮ್ಮ ತಮ್ಮ ಬಡಾವಣೆಗೆ ಹೊರಳುತ್ತವೆ. ಜನ ಬಸ್ಸು ಬದಲಾಯಿಸುವ ಗೋಜಿಲ್ಲ. ನಮ್ಮ ರಿಂಗ್ ರೋಡಿಗೆ ಹೋಲಿಸಲು ಇದಕ್ಕಿಂತ ಹತ್ತಿರದ ಊರು ನಿಮ್ಮ ಪಟ್ಟಿಯಲ್ಲಿಲ್ಲ.

ಆ ಹದಿನೇಳು ಊರುಗಳಲ್ಲಿ ಹುಬ್ಬಳ್ಳಿ-ಧಾರವಾಡ ಇಲ್ಲ. ನನಗೆ ನಂಬೋಕೇ ಆಗಲಿಲ್ಲ. ನಮ್ಮ ರಾಜ್ಯದಲ್ಲೇ ಸುಮಾರು 22 ಕಿಲೋಮೀಟರ್ ಪಥ ಇದೆ. 2018ರಲ್ಲಿ ಬಸ್ಸು ಓಡಿದವು, 2020ರ ಫೆಬ್ರುವರಿಯಲ್ಲಿ ಉದ್ಘಾಟನೆ ಆಯ್ತು. ಬಸ್ಸಿಗೆ ಚಿಗರಿ ಅಂತ ಹೆಸರು. ಜಿಂಕೆಗೆ ಆ ಕಡೆಯವರು ಕರೆಯುವ ಮಾತು. ನಿಲ್ದಾಣ ರಸ್ತೆ ನಡುವೆ ಇರೋದರಿಂದ ಬಲಗಡೆಯಿಂದ ಹತ್ತಬೇಕು, ಟಿಕೆಟ್ ಹೊರಗೇ ತೆಗೆದುಕೊಳ್ಳಬೇಕು. ಆ ಪಥವನ್ನು ಬೇರೆ ಗಾಡಿಗಳಿಗೂ ಬಿಟ್ಟುಕೊಡಿ ಅನ್ನೋ ಕೂಗೂ ಅಲ್ಲಿದೆ. ಜಗತ್ತಿನಲ್ಲಿ 180ಕ್ಕೂ ಹೆಚ್ಚು ನಗರಗಳಿಗೆ ಹಬ್ಬಿರುವ ಒಂದು ವಿಚಾರ ಕನ್ನಡದಲ್ಲಿ ಹೆಸರು ಪಡೆದಿರುವುದು ಅಲ್ಲಿ.

ಭಾಷೆ ಬಗ್ಗೆ ಎರಡೇ ಮಾತು. 'ಕ್ಷಿಪ್ರ ಬಸ್ ಸಂಚಾರ ವ್ಯವಸ್ಥೆ' ಅಂತ ಇಪ್ಪತ್ತಮೂರು ಕಡೆ ಬಂದಿದೆ. ಎಣಿಸಿದೆ. ಮೊದಲ ಸಲ ಬಿಆರ್‌ಟಿಎಸ್ ಅಂತ ಹೇಳಿ, ಆಮೇಲೆ ಬಸ್ ಪಥ ಅನ್ನಿ ಸಾಕು. 'ನಗರೀಕರಣದ ನಾಗಾಲೋಟದಲ್ಲಿ' ಅನ್ನೋ ಸಾಲು ಹೋಗಲಿ. 500 ಡಿ ಬಗ್ಗೆ ಬರೆಯುವಾಗ ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ ನೋಡಿ. ಅದೇ ಧಾಟಿಯಲ್ಲಿ ಬೊಗೋಟಾವನ್ನೂ ಬರೆಯಿರಿ.

ಊರುಗಳು ನಾಲ್ಕೋ ಐದೋ ಇರಲಿ. ಜಕಾರ್ತಾ, ಇಸ್ತಾಂಬುಲ್, ಲಾಗೋಸ್ ಈ ಸಲಕ್ಕೆ ಬೇಡ. ಇಸ್ತಾಂಬುಲ್‌ನ ಬಸ್ಸು ಯುರೋಪಿನಿಂದ ಏಷ್ಯಾಕ್ಕೆ ಸೇತುವೆ ದಾಟಿ ಹೋಗುತ್ತದೆ, ಬಿಡೋಕೆ ಮನಸ್ಸಾಗಲ್ಲ ಅಂತ ನನಗೂ ಗೊತ್ತು. ಅದಕ್ಕೆ ಬೇರೆಯೇ ಲೇಖನ ಬರೆಯಿರಿ. ಶುರುವನ್ನು ಹೆಬ್ಬಾಳದ ಸ್ಟಾಪಿನಿಂದಲೇ ಮಾಡಿ. ಒಂದು ವಾರ ವಾಚ್ ಹಿಡಿದು ಎಣಿಸಿ, ನನ್ನ 48 ಸೆಕೆಂಡ್ ನಂಬಬೇಡಿ, ಅದು ಒಂದೇ ಬಸ್ಸಿನದು.

ಹಸ್ತಪ್ರತಿ ಇದರ ಜೊತೆಗೇ ಕಳಿಸಿದ್ದೇನೆ, ಅಂಚಿನಲ್ಲಿ ಗುರುತುಗಳಿವೆ. ತಿಂಗಳು ಬಿಟ್ಟು ಕಳಿಸಿದರೂ ಸರಿ, ಅವಸರ ಇಲ್ಲ. ಆದರೆ ಬರೆಯುವ ಮುಂಚೆ ಒಂದು ಸಲ ಹುಬ್ಬಳ್ಳಿಗೆ ಹೋಗಿಬನ್ನಿ. ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೀರಿ. ಧಾರವಾಡದ ನನ್ನ ಗೆಳೆಯರೊಬ್ಬರು ದಿನಾ ಚಿಗರಿಯಲ್ಲೇ ಓಡಾಡುತ್ತಾರೆ. ಹೋಗುವ ದಿನ ತಿಳಿಸಿ, ಅವರಿಗೆ ಹೇಳಿಡುತ್ತೇನೆ.

ಇಂತಿ,
ಸಂಪಾದಕ
ಬೆಂಗಳೂರು